ತಿರಸ್ಕಾರದ ಕಾಗದವನ್ನು ಟ್ರಂಕಿಗೆ ಹಾಕಬೇಡಿ
(ಸಂಘದ ರಜತ ಮಹೋತ್ಸವದ ಅಂಗವಾಗಿ ಮಾಜಿ ಸೈನಿಕ ಸದಸ್ಯರು ಹಾಗೂ ಅವರ ಕುಟುಂಬದವರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಸಂಭ್ರಮದಲ್ಲಿ ಮೇವಿನ ಬಗ್ಗೆಯೋ, ಕೆಚ್ಚಲು ಬಾವಿನ ಬಗ್ಗೆಯೋ ಮಾತಾಡುವುದು ಬಿಟ್ಟು ಇವನು ಮಿಲಿಟ್ರಿ ಪೆನ್ಷನ್ ವಿಷಯ ಯಾಕೆ ಎತ್ತಿಕೊಂಡ ಅಂತ ಕೆಲವರಿಗೆ ಅನ್ನಿಸಬಹುದು. ನಾನು ವಕೀಲನಲ್ಲ, ಸೈನ್ಯದಲ್ಲಿದ್ದವನೂ ಅಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲ ಹಿಡಿದವನು. ಆದರೆ ನಮ್ಮ ಸಂಘದ ಸದಸ್ಯರ ಪಟ್ಟಿ ತೆಗೆದು ನೋಡಿದರೆ ಮಿಲಿಟ್ರಿಯಿಂದ ಬಂದು ಎರಡು ಹಸು ಕಟ್ಟಿದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರಿಗೆ ನ್ಯಾಯವಾಗಿ ಬರಬೇಕಾದ ಹಣ ಬರದೆ ನಿಂತಿದೆ. ನಿಂತಿರುವುದು ಕಾನೂನು ಅವರ ವಿರುದ್ಧ ಇದೆ ಅಂತಲ್ಲ, ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು, ಅದನ್ನು ಮಡಿಚಿ ಟ್ರಂಕಿನಲ್ಲಿ ಇಟ್ಟುಬಿಟ್ಟರು ಅಂತ.

2016ರಲ್ಲಿ ನಮ್ಮ ಸದಸ್ಯರೊಬ್ಬರು ಹಸು ಕೊಳ್ಳುವ ಸಾಲಕ್ಕೆ ಆದಾಯದ ಕಾಗದ ಬೇಕೆಂದು ಸಂಘಕ್ಕೆ ಬಂದರು. ಅವರ ಹೆಸರು ಹೇಳುವುದು ಬೇಡ, ಇಲ್ಲೇ ಕೂತಿದ್ದಾರೆ. 1990ರಲ್ಲಿ ಭರ್ತಿಯಾಗಿ 17 ವರ್ಷ ಸೇವೆ ಮಾಡಿ 2007ರಲ್ಲಿ ಮನೆಗೆ ಬಂದವರು. ಕಾಶ್ಮೀರ, ಅಸ್ಸಾಂ ಎಲ್ಲಾ ಕಂಡವರು. ಅವರು ತಂದ ಕವರಿನೊಳಗೆ ಪಾಸ್‌ಪುಸ್ತಕದ ಜೊತೆ 2008ರ ಒಂದು ಪತ್ರ ಇತ್ತು. ಬಿಡುಗಡೆ ಹೊತ್ತಿನಲ್ಲಿ ವೈದ್ಯರ ಮಂಡಳಿ ಅವರಿಗೆ ರಕ್ತದೊತ್ತಡ ಇದೆ, ಅಂಗವೈಕಲ್ಯ ಶೇಕಡ 30, ಜೀವನಪರ್ಯಂತ ಅಂತ ಬರೆದಿತ್ತು. ಆದರೆ ಈ ಕಾಯಿಲೆ ಸೈನ್ಯದ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ, ಹಾಗಾಗಿ ಅಂಗವೈಕಲ್ಯ ಪಿಂಚಣಿ ಇಲ್ಲ ಅಂತ ಪತ್ರದ ಒಕ್ಕಣೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಒಪ್ಪಿಗೆಯಿಲ್ಲದಿದ್ದರೆ ಆರು ತಿಂಗಳೊಳಗೆ ಅಪೀಲು ಮಾಡಬಹುದು ಎಂದೂ ಇತ್ತು. ಆ ಕೊನೆಯ ಸಾಲನ್ನು ಎಂಟು ವರ್ಷ ಯಾರೂ ಓದಿರಲಿಲ್ಲ.

"ಅಣ್ಣಾ, ಇದಕ್ಕೆ ಏನು ಮಾಡಿದ್ರಿ?" ಅಂತ ನಮ್ಮ ಕಾರ್ಯದರ್ಶಿ ಕೇಳಿದರು. "ಏನ್ ಮಾಡೋದಪ್ಪಾ, ಬಿ.ಪಿ. ಎಲ್ರಿಗೂ ಬರುತ್ತೆ. ಪೆನ್ಷನ್ ಬರ್ತಾ ಇದೆಯಲ್ಲ, ಸಾಕು" ಅಂದರು.

ಈ "ಪೆನ್ಷನ್ ಬರ್ತಾ ಇದೆಯಲ್ಲ" ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜವಾನರಿಗೆ 15 ವರ್ಷ ಅರ್ಹ ಸೇವೆಗೆ ಬರುವುದು ಸೇವಾ ಪಿಂಚಣಿ. ಅದು ದುಡಿಮೆಯ ಕೂಲಿ. ಸೇವೆಯಲ್ಲಿ ದೇಹ ಕೆಟ್ಟಿದ್ದಕ್ಕೆ ಅದರ ಮೇಲೆ ಬರಬೇಕಾದ್ದು ಅಂಗವೈಕಲ್ಯದ ಭಾಗ. ಎರಡೂ ಬೇರೆ ಬೇರೆ. 15 ವರ್ಷ ತುಂಬುವ ಮೊದಲೇ ಕಾಯಿಲೆಯಿಂದ ಹೊರಗೆ ಕಳಿಸಲ್ಪಟ್ಟವರ ಸಂಗತಿ ಇನ್ನೂ ದೊಡ್ಡದು. ಅವರ ಅರ್ಜಿ ಒಪ್ಪಿಗೆಯಾದರೆ ಸೇವಾ ಭಾಗ, ಅಂಗವೈಕಲ್ಯದ ಭಾಗ ಎರಡೂ ಸಿಗುತ್ತವೆ. ತಿರಸ್ಕಾರವಾದರೆ ಕೆಲವರಿಗೆ ಒಂದಿಷ್ಟು ಗ್ರಾಚ್ಯುಟಿ ಕೈಗೆ ಬಂದು ಅಲ್ಲಿಗೆ ಮುಗಿಯುತ್ತದೆ. ಇಪ್ಪತ್ತೆಂಟು ಮೂವತ್ತು ವರ್ಷದ ಹುಡುಗ, ಫಿಟ್ಸು ಬರುತ್ತದೆ ಅಂತ ಮನೆಗೆ ಕಳಿಸಿದರೆ ಯಾರು ಕೆಲಸ ಕೊಡುತ್ತಾರೆ? ಹೆಣ್ಣು ಕೊಡುವವರು ಯಾರು?

ಮಿಲಿಟ್ರಿಯಲ್ಲಿದ್ದವರಿಗೆ ಆ ಇಂಗ್ಲಿಷ್ ವಾಕ್ಯ ಬಾಯಿಪಾಠ ಆಗಿರುತ್ತದೆ: ನೈದರ್ ಆಟ್ರಿಬ್ಯೂಟಬಲ್ ಟು ನಾರ್ ಅಗ್ರವೇಟೆಡ್ ಬೈ ಮಿಲಿಟರಿ ಸರ್ವಿಸ್. ಮೊಹರು ಒತ್ತಿದಂತೆ ಎಷ್ಟೋ ಜನರ ಕಾಗದದಲ್ಲಿ ಇದೇ ಇದೆ. ಇದನ್ನು ಓದಿದವನಿಗೆ ತನ್ನ ಕಾಯಿಲೆ ಸೇವೆಯಿಂದಲೇ ಬಂತು ಅಂತ ತಾನೇ ಸಾಬೀತು ಮಾಡಬೇಕು ಅನ್ನಿಸುತ್ತದೆ. ಮಂಜಿನ ಗುಡ್ಡದಲ್ಲಿ ನಿಂತಾಗ ರಕ್ತದೊತ್ತಡ ಏರಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು ಅಂತ ಕೈಚೆಲ್ಲುತ್ತಾನೆ. ಆದರೆ ನಿಯಮ ಹಾಗೆ ಹೇಳುವುದಿಲ್ಲ. ನಿಯಮ ಅದಕ್ಕೆ ತಿರುಗುಮುರುಗು ಇದೆ.

ನಮಗೆಲ್ಲ ಗೊತ್ತಿರುವ ಉದಾಹರಣೆ ಕೊಡುತ್ತೇನೆ. ಮಿಲಿಟ್ರಿ ಅಣ್ಣಂದಿರು ದನಕ್ಕೆ ಹೋಲಿಸಿದ ಅಂತ ಬೇಜಾರು ಮಾಡಿಕೊಳ್ಳಬಾರದು. ಹಸುವಿಗೆ ವಿಮೆ ಮಾಡಿಸುವಾಗ ಡಾಕ್ಟರು ಬಂದು ಹಲ್ಲು ನೋಡಿ, ಕೆಚ್ಚಲು ನೋಡಿ, ಆರೋಗ್ಯವಾಗಿದೆ ಅಂತ ಬರೆದು ಕಿವಿಗೆ ಓಲೆ ಹಾಕುತ್ತಾರೆ. ಆಮೇಲೆ ಹಸು ಸತ್ತರೆ, ಮೊದಲೇ ಕಾಯಿಲೆ ಇತ್ತು ಅಂತ ಸುಮ್ಮನೆ ಬಾಯಲ್ಲಿ ಹೇಳಿದರೆ ನಾವು ಬಿಡುತ್ತೇವೆಯೇ? ಓಲೆ ಹಾಕುವಾಗ ನಿಮ್ಮವರೇ ನೋಡಿದ್ದರಲ್ಲ ಅಂತ ಕೇಳುತ್ತೇವೆ. ಭರ್ತಿಯ ಹೊತ್ತಿನಲ್ಲಿ ನಮ್ಮ ಹುಡುಗರನ್ನು ಓಡಿಸಿ, ಎದೆ ಅಳೆದು, ಕಣ್ಣು ಕಿವಿ ಪರೀಕ್ಷೆ ಮಾಡಿ, ಒಂದು ಹಲ್ಲು ಕಡಿಮೆಯಿದ್ದರೂ ಬರೆದುಕೊಂಡು ಒಳಗೆ ಬಿಡುತ್ತಾರೆ. ಆಗ ಇಲ್ಲದ ಕಾಯಿಲೆ ಹದಿಮೂರು ವರ್ಷದ ಮೇಲೆ ಕಂಡುಬಂದರೆ ಅದಕ್ಕೆ ಉತ್ತರ ಹೇಳಬೇಕಾದವರು ಯಾರು?

1982ರ ಎನ್‌ಟೈಟಲ್‌ಮೆಂಟ್ ರೂಲ್ಸ್ ಅಂತ ಇವೆ. ಅದರ 9ನೇ ನಿಯಮದ ಪ್ರಕಾರ ಅರ್ಜಿದಾರನನ್ನು ಸಾಬೀತು ಮಾಡು ಅಂತ ಕೇಳುವಂತಿಲ್ಲ, ನ್ಯಾಯವಾದ ಸಂಶಯ ಇದ್ದರೆ ಅದರ ಲಾಭ ಸೈನಿಕನಿಗೇ ಸಿಗಬೇಕು. 14ನೇ ನಿಯಮದ ಪ್ರಕಾರ, ಭರ್ತಿಯಲ್ಲಿ ಬರೆದುಕೊಳ್ಳದೆ ಇದ್ದ ಕಾಯಿಲೆಯಿಂದ ಸೇವೆ ಬಿಡಬೇಕಾದರೆ ಅದು ಸಾಮಾನ್ಯವಾಗಿ ಸೇವೆಯಲ್ಲೇ ಹುಟ್ಟಿದ್ದು ಎಂದು ತಿಳಿಯಬೇಕು. ಭರ್ತಿ ಹೊತ್ತಿನಲ್ಲಿ ಅದನ್ನು ಕಂಡುಹಿಡಿಯಲು ಸಾಧ್ಯವಿರಲಿಲ್ಲ ಅಂತ ವೈದ್ಯರು ಹೇಳುವುದಾದರೆ ಕಾರಣ ಬರೆಯಬೇಕು. ಬರೀ ಮೊಹರು ಒತ್ತಿದರೆ ಸಾಲದು.

ಇದನ್ನು ಸುಪ್ರೀಂ ಕೋರ್ಟೇ ಎತ್ತಿ ಹಿಡಿದಿದೆ. ಧರ್ಮವೀರ್ ಸಿಂಗ್ ಅಂತ ಸಿಗ್ನಲ್ಸ್‌ನ ಒಬ್ಬ ಸಿಪಾಯಿ. 1985ರಲ್ಲಿ ಭರ್ತಿ, 1994ರಲ್ಲಿ ಫಿಟ್ಸಿನ ಕಾಯಿಲೆ ಅಂತ ಶೇಕಡ 20 ಅಂಗವೈಕಲ್ಯ ಬರೆದು ಮನೆಗೆ ಕಳಿಸಿದರು. ಪಿಂಚಣಿ ಇಲ್ಲ ಅಂದರು. ಹಿಮಾಚಲ ಪ್ರದೇಶದ ಹೈಕೋರ್ಟಿನಲ್ಲಿ ಒಮ್ಮೆ ಗೆದ್ದರು, ಮೇಲಿನ ಪೀಠದಲ್ಲಿ ಸೋತರು, ಕೊನೆಗೆ 2013ರ ಜುಲೈ 2ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಭರ್ತಿಯಾಗುವಾಗ ಕಾಯಿಲೆ ಇತ್ತೆಂದು ಎಲ್ಲೂ ದಾಖಲೆಯಿಲ್ಲ, ವೈದ್ಯ ಮಂಡಳಿ ಕಾರಣವನ್ನೂ ಕೊಟ್ಟಿಲ್ಲ, ಹಾಗಾದ ಮೇಲೆ ಸೇವೆಯಿಂದಲೇ ಬಂದದ್ದೆಂದು ತಿಳಿಯಬೇಕು ಎಂಬುದು ತೀರ್ಪಿನ ಸಾರ. ಹತ್ತೊಂಬತ್ತು ವರ್ಷ ಹಿಡಿಯಿತು ನೋಡಿ. ಆ ಮನುಷ್ಯ ಬಿಡದೆ ಹೋರಾಡಿದ್ದರಿಂದ ಇವತ್ತು ಊರೂರಿನ ಸೈನಿಕರು ಅವರ ಹೆಸರಿನ ತೀರ್ಪು ಹಿಡಿದುಕೊಂಡು ಹೋಗುತ್ತಿದ್ದಾರೆ.

ಇನ್ನೂ ಕೆಲವು ತೀರ್ಪುಗಳು ಇವೆ. ವೈದ್ಯ ಮಂಡಳಿ ಬರೆದ ಶೇಕಡವನ್ನು ಲೆಕ್ಕಪತ್ರದ ಕಛೇರಿಯವರು ಮತ್ತೆ ಪರೀಕ್ಷೆ ಮಾಡಿಸದೆ ತಮ್ಮಷ್ಟಕ್ಕೆ ಇಳಿಸುವಂತಿಲ್ಲ ಅಂತ 1993ರಲ್ಲೇ ಸ್ಯಾಪರ್ ಮೊಹಿಂದರ್ ಸಿಂಗ್ ಅವರ ಕೇಸಿನಲ್ಲಿ ಆಯಿತು. ನಮ್ಮ ಡೇರಿಯಲ್ಲಿ ಪರೀಕ್ಷಕರು ಫ್ಯಾಟು ನೋಡಿ ಬರೆದದ್ದನ್ನು, ಹಾಲನ್ನೇ ನೋಡದ ಗುಮಾಸ್ತರು ಪುಸ್ತಕದಲ್ಲಿ ತಿದ್ದಿದ ಹಾಗೆ ಅದು. ಕಾಯಿಲೆಯಿಂದಲೇ ಹೊರಗೆ ಕಳಿಸಿದ ಮೇಲೆ ಅಂಗವೈಕಲ್ಯ ಶೇಕಡ 20ಕ್ಕಿಂತ ಕಡಿಮೆ ಅಂತ ಹೇಳಿ ಪಿಂಚಣಿ ತಪ್ಪಿಸಬಾರದು ಅಂತ 2014ರಲ್ಲಿ ಸುಖವಿಂದರ್ ಸಿಂಗ್ ಕೇಸಿನಲ್ಲಿ ಹೇಳಿದರು. ಅದೇ ವರ್ಷ ಡಿಸೆಂಬರ್ 10ರಂದು ರಾಮ್ ಅವತಾರ್ ಕೇಸು.

ಈ ರಾಮ್ ಅವತಾರ್ ಕೇಸಿನ ವಿಷಯವನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹಣದ ಲೆಕ್ಕ ಇರುವುದು ಇಲ್ಲೇ. ಶೇಕಡ 100 ಅಂಗವೈಕಲ್ಯಕ್ಕೆ ಕೊನೆಯ ಸಂಬಳದ ಶೇಕಡ 30 ಅಂತ ಲೆಕ್ಕ. ಕಡಿಮೆ ಅಂಗವೈಕಲ್ಯಕ್ಕೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಲೆಕ್ಕ ಸುಲಭವಾಗಲಿ ಅಂತ ಸಂಬಳ 40,000 ರೂಪಾಯಿ ಇಟ್ಟುಕೊಳ್ಳಿ. ಶೇಕಡ 100ಕ್ಕೆ 12,000. ಶೇಕಡ 30 ಇದ್ದವರಿಗೆ 3,600. ಆದರೆ 1996ರ ಜನವರಿಯಿಂದ ಒಂದು ಸವಲತ್ತು ಬಂತು: 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಅಂತ, 50ರಿಂದ 75ರವರೆಗೆ ಇದ್ದದ್ದನ್ನು 75 ಅಂತ, 76ರಿಂದ ಮೇಲಿನದ್ದನ್ನು 100 ಅಂತ ತಿಳಿಯಬೇಕು. ಆಗ ಅದೇ ಶೇಕಡ 30ರವರಿಗೆ 6,000 ಬರುತ್ತದೆ, ಅದರ ಮೇಲೆ ತುಟ್ಟಿಭತ್ಯೆ ಬೇರೆ. ಇದನ್ನು ಮೊದಲು ಕಾಯಿಲೆಯಿಂದ ಅವಧಿಗೆ ಮುಂಚೆ ಹೊರಬಂದವರಿಗೆ ಮಾತ್ರ ಕೊಡುತ್ತಿದ್ದರು. ಅವಧಿ ಮುಗಿಸಿ ನಿವೃತ್ತರಾದವರಿಗೂ ಕೊಡಬೇಕು ಅಂತ ಆದದ್ದು ರಾಮ್ ಅವತಾರ್ ತೀರ್ಪಿನಿಂದ. ಹಾಗಾಗಿ ಈಗಾಗಲೇ ಅಂಗವೈಕಲ್ಯ ಪಿಂಚಣಿ ಪಡೆಯುತ್ತಿರುವವರೂ ತಮ್ಮ ಪಿ.ಪಿ.ಓ. ತೆಗೆದು ಎಷ್ಟು ಶೇಕಡಕ್ಕೆ ಕೊಡುತ್ತಿದ್ದಾರೆ ಅಂತ ಒಮ್ಮೆ ನೋಡಿಕೊಳ್ಳಿ.

ಈಗ ಅಪೀಲಿನ ದಾರಿ. ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಅಪೀಲು. ಅದನ್ನು ನಿಮ್ಮ ರೆಕಾರ್ಡ್ ಆಫೀಸಿನ ಮೂಲಕ ಕಳಿಸಬೇಕು. ವಕೀಲರು ಬೇಕೆಂದೇನೂ ಇಲ್ಲ, ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ನಂಬರು, ಹುದ್ದೆ, ಹೆಸರು, ಭರ್ತಿಯಾದ ದಿನ, ಕಾಯಿಲೆ ಮೊದಲು ಕಂಡ ದಿನ, ಆಗ ಎಲ್ಲಿ ಡ್ಯೂಟಿ, ಇಷ್ಟು ಸ್ಪಷ್ಟ ಇರಬೇಕು. ಅದಕ್ಕೂ ಇಲ್ಲ ಅಂದರೆ ಮತ್ತೆ ಆರು ತಿಂಗಳೊಳಗೆ ಎರಡನೇ ಅಪೀಲು. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಹುಟ್ಟಿ 2009ರಿಂದ ಕೆಲಸ ಮಾಡುತ್ತಿದೆ. ದೆಹಲಿಯಲ್ಲಿ ಪ್ರಧಾನ ಪೀಠ, ಚೆನ್ನೈ, ಕೊಚ್ಚಿ ಮುಂತಾದ ಕಡೆ ಪ್ರಾದೇಶಿಕ ಪೀಠಗಳು. ಅಪೀಲು ಕೊಟ್ಟು ಆರು ತಿಂಗಳಾದರೂ ಉತ್ತರವೇ ಬರದಿದ್ದರೆ ಕಾಯುತ್ತಾ ಕೂರಬೇಕಿಲ್ಲ, ನ್ಯಾಯಮಂಡಳಿಗೆ ಹೋಗಬಹುದು. ಈ ಮಾತನ್ನು ಗುರುತು ಹಾಕಿಕೊಳ್ಳಿ. ಉತ್ತರ ಬರಲಿಲ್ಲ ಅಂತ ನಾಲ್ಕೈದು ವರ್ಷ ಅಂಚೆಯವನ ದಾರಿ ನೋಡಿದವರನ್ನು ನಾನು ಕಂಡಿದ್ದೇನೆ.

ಗಡುವು ಮೀರಿ ಹೋಗಿದ್ದರೆ? ಬಾಗಿಲು ಮುಚ್ಚಿಲ್ಲ, ಆದರೆ ಬೆಲೆ ತೆರಬೇಕು. ತರ್ಸೇಮ್ ಸಿಂಗ್ ಅನ್ನುವವರನ್ನು 1983ರಲ್ಲಿ ಹೊರಗೆ ಕಳಿಸಿದ್ದರು, ಅವರು ಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ತಿಂಗಳು ತಿಂಗಳೂ ತಪ್ಪುತ್ತಿರುವುದರಿಂದ ಅದು ನಡೆಯುತ್ತಲೇ ಇರುವ ಅನ್ಯಾಯ, ತಡವಾಯಿತೆಂದು ಅರ್ಜಿ ತಳ್ಳಿಹಾಕಬೇಕಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಬಾಕಿಯನ್ನು ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷಕ್ಕೆ ಮಾತ್ರ ಕೊಡಿಸಿತು. ಉಳಿದ ವರ್ಷಗಳದ್ದು ಹೋಯಿತು.

ನಮ್ಮ ಸದಸ್ಯರಿಗೆ ಆದದ್ದೂ ಇದೇ. 2016ರಲ್ಲಿ ಅಪೀಲು ಬರೆದೆವು, ತಡವಾಗಿದೆ ಅಂತ ವಾಪಸು ಬಂತು. 2018ರಲ್ಲಿ ನ್ಯಾಯಮಂಡಳಿಗೆ ಅರ್ಜಿ ಹಾಕಿಸಿದೆವು. ಅವರ ವೈದ್ಯ ಮಂಡಳಿಯ ಕಾಗದದಲ್ಲೇ ಕಾಯಿಲೆ ಮೊದಲು ಕಂಡದ್ದು 2003 ಅಂತ ಇತ್ತು. 1990ರಲ್ಲಿ ಆರೋಗ್ಯವಂತ ಅಂತ ತೆಗೆದುಕೊಂಡದ್ದಕ್ಕೂ ದಾಖಲೆ ಇತ್ತು. ನಡುವಿನ ಹದಿಮೂರು ವರ್ಷಕ್ಕೆ ಆ ಕಡೆಯವರಲ್ಲಿ ಉತ್ತರ ಇರಲಿಲ್ಲ. ಶೇಕಡ 30ನ್ನು 50 ಅಂತ ತಿಳಿದು ಕೊಡಿ ಅಂತ ಆದೇಶವಾಯಿತು, ಬಾಕಿ 2015ರಿಂದ. 2007ರಿಂದ 2015ರವರೆಗಿನ ಎಂಟು ವರ್ಷದ ಹಣ ಟ್ರಂಕಿನೊಳಗೇ ಕರಗಿತು. ಬಂದ ಹಣದಲ್ಲಿ ಮಗಳ ನರ್ಸಿಂಗ್ ಓದು ಮುಗಿದಿದೆ. ಆ ಎಂಟು ವರ್ಷದ್ದೂ ಬಂದಿದ್ದರೆ ಬಾವಿಯ ಪಕ್ಕದ ಜಮೀನು ಮಾರುತ್ತಿರಲಿಲ್ಲ ಅಂತ ಅವರ ಮನೆಯವರು ನಮ್ಮ ಮನೆಯವರ ಹತ್ತಿರ ಹೇಳಿದರಂತೆ. ಅವರಂತೂ ನನ್ನ ಮುಂದೆ ಒಂದು ದಿನವೂ ಹೇಳಿಲ್ಲ.

ಎಲ್ಲಾ ಅರ್ಜಿಯೂ ಗೆಲ್ಲುತ್ತದೆ ಅಂತ ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಜುಝಾರ್ ಸಿಂಗ್ ಎಂಬುವರು ವಾರ್ಷಿಕ ರಜೆಯಲ್ಲಿ ಊರಿಗೆ ಬಂದಾಗ ಸ್ಕೂಟರ್ ಅಪಘಾತವಾಗಿ ಗಾಯಗೊಂಡಿದ್ದರು. ಅದಕ್ಕೂ ಸೇವೆಗೂ ಸಂಬಂಧವಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟು ಪಿಂಚಣಿ ನಿರಾಕರಿಸಿತು. ರಜೆಯಲ್ಲಿ ಜಾತ್ರೆಗೆ ಬೈಕಿನಲ್ಲಿ ಹೋಗಿ ಬಿದ್ದದ್ದನ್ನು ಡ್ಯೂಟಿ ಅಂತ ಬರೆಸಲು ಯಾರಾದರೂ ಸಂಘಕ್ಕೆ ಬಂದರೆ ನಾವು ಬರೆಯುವುದಿಲ್ಲ. ಇನ್ನೊಂದು, 2008ರ ಜನವರಿಯಿಂದ ಬಂದ ನಿಯಮಗಳ ಪ್ರಕಾರ ಬಿಡುಗಡೆಯಾಗಿ 15 ವರ್ಷ ಕಳೆದು, ದಾಖಲೆಗಳನ್ನೂ ನಾಶಪಡಿಸಿದ ಮೇಲೆ ಅರ್ಜಿ ಹಾಕಿದರೆ ಸಾಬೀತು ಮಾಡುವ ಹೊರೆ ಅರ್ಜಿದಾರನ ಮೇಲೇ ಬೀಳುತ್ತದೆ. 2023ರ ಸೆಪ್ಟೆಂಬರ್ 21ರಿಂದ ಮತ್ತೆ ಹೊಸ ನಿಯಮಗಳು ಬಂದಿವೆ. ಆ ದಿನದ ನಂತರ ಬಿಡುಗಡೆಯಾದವರ ಲೆಕ್ಕ ಬೇರೆ, ನಾನು ಮೇಲೆ ಹೇಳಿದ್ದನ್ನೇ ಹಿಡಿದು ಹೊರಡಬೇಡಿ.

ಕಾಗದದ ವಿಷಯದಲ್ಲಿ ನಮ್ಮ ಜನ ಬಹಳ ಉದಾಸೀನ. ಹದಿನೈದು ದಿನದ ಹಾಲಿನ ಬಟವಾಡೆಯಲ್ಲಿ ಐದು ರೂಪಾಯಿ ಕಡಿಮೆ ಬಂದರೆ ಚೀಟಿ ತಂದು ಕೌಂಟರಿಗೆ ಬಡಿಯುತ್ತೇವೆ. ಜೀವಮಾನದ ಪಿಂಚಣಿಯ ಚೀಟಿ ಎಲ್ಲಿದೆ ಅಂತ ಕೇಳಿದರೆ "ಇಲ್ಲೇ ಎಲ್ಲೋ ಇತ್ತು" ಅನ್ನುತ್ತೇವೆ. ವೈದ್ಯ ಮಂಡಳಿಯ ಪೂರ್ತಿ ಕಾಗದ, ಎ.ಎಫ್.ಎಂ.ಎಸ್.ಎಫ್. 16 ಅಂತ ಅದರ ನಮೂನೆಯ ಸಂಖ್ಯೆ, ಅದು ಎಲ್ಲಕ್ಕಿಂತ ಮುಖ್ಯ. ಅದರೊಳಗೆ ಕಾರಣದ ಕಾಲಂನಲ್ಲಿ ಏನು ಬರೆದಿದ್ದಾರೆ ಅನ್ನುವುದರ ಮೇಲೆ ಕೇಸು ನಿಲ್ಲುತ್ತದೆ. ಅದು ನಿಮ್ಮ ಹತ್ತಿರ ಇಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ರೆಕಾರ್ಡ್ ಆಫೀಸಿಗೆ ಬರೆಯಿರಿ. ನಮ್ಮ ಸದಸ್ಯರದ್ದು ಹಾಗೇ ತರಿಸಿದ್ದು.

ಇನ್ನು ಮಧ್ಯವರ್ತಿಗಳು. ಬಾಕಿ ಹಣದಲ್ಲಿ ಇಷ್ಟು ಪಾಲು ಅಂತ ಮೊದಲೇ ಸಹಿ ಹಾಕಿಸಿಕೊಳ್ಳುವವರು ಊರ ಕಡೆ ತಿರುಗುತ್ತಿದ್ದಾರೆ. ಅವರ ಕೈಗೆ ಮೂಲ ಕಾಗದ ಕೊಡಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೂ, ಅಂಗವಿಕಲರಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದವರು ವೀರ ಪರಿವಾರ ಸಹಾಯತಾ ಯೋಜನೆ ಅಂತ ಸೈನಿಕರ ಕುಟುಂಬಗಳಿಗಾಗಿಯೇ ಶುರು ಮಾಡಿದ್ದಾರೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಛೇರಿಯಲ್ಲಿ ವಿಚಾರಿಸಿ.

ಒಂದು ಮಾತು ಬಿಚ್ಚಿ ಹೇಳಿಬಿಡುತ್ತೇನೆ. ನಮ್ಮ ಮಿಲಿಟ್ರಿಯವರಿಗೆ ಅಪೀಲು ಅಂದರೆ ಸಂಕೋಚ. ಮೇಲಿನವರು ಇಲ್ಲ ಅಂದ ಮೇಲೆ ಎದುರು ಮಾತಾಡಬಾರದು ಅನ್ನುವ ಶಿಸ್ತು ರಕ್ತದಲ್ಲಿ ಇಳಿದಿದೆ. ಅಂಗವಿಕಲ ಅನ್ನಿಸಿಕೊಳ್ಳುವುದಕ್ಕೂ ನಾಚಿಕೆ. ಎರಡು ಕ್ಯಾನು ಹಾಲು ಹೊರುವವನನ್ನು ಅಂಗವಿಕಲ ಅಂದರೆ ಊರು ನಗುತ್ತದೆ ಅಂತ ಒಬ್ಬರು ನನ್ನ ಹತ್ತಿರವೇ ಅಂದರು. ಅಣ್ಣಾ, ಕಾಗದದಲ್ಲಿ ಆ ಪದ ಬರೆದದ್ದು ಊರಿನವರಲ್ಲ, ಸೈನ್ಯದ ಡಾಕ್ಟರೇ. ಅವರು ಬರೆದ ಶೇಕಡಕ್ಕೆ ಸರ್ಕಾರದ ನಿಯಮ ಇಟ್ಟಿರುವ ಹಣವನ್ನು ಕೇಳುತ್ತಿದ್ದೇವೆ. ಅಪೀಲನ್ನೂ ಅದೇ ಸರ್ಕಾರ ಮಾಡಿಟ್ಟಿದೆ.

ಇನ್ನೊಂದು ಮನೆಯ ವಿಷಯ ಇನ್ನೂ ಬಗೆಹರಿದಿಲ್ಲ. ಆ ತಾಯಿಯ ಯಜಮಾನರನ್ನು ಹನ್ನೊಂದು ವರ್ಷದ ಸೇವೆಗೇ ಕಾಯಿಲೆ ಅಂತ ಕಳಿಸಿದ್ದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. 2019ರ ಆಗಸ್ಟ್ ಮಳೆಯಲ್ಲಿ ಹಿಂದಿನ ಗೋಡೆ ಕುಸಿದು ಟ್ರಂಕು ನೀರಿನಲ್ಲಿ ನೆಂದು ಒಳಗಿದ್ದದ್ದೆಲ್ಲ ಮುದ್ದೆಯಾಯಿತು. ಉಳಿದಿರುವುದು ಡಿಸ್ಚಾರ್ಜ್ ಪುಸ್ತಕದ ಎರಡು ಹಾಳೆ, ಅದರಲ್ಲಿ ಸೈನ್ಯದ ನಂಬರು ಕಾಣುತ್ತದೆ. ಅಷ್ಟನ್ನೇ ಹಿಡಿದು ಮಾಹಿತಿ ಹಕ್ಕಿನಲ್ಲಿ ಬರೆದಿದ್ದೇವೆ. ಉತ್ತರಕ್ಕೆ ಕಾಯುತ್ತಿದ್ದೇವೆ. ಅವರ ದಾಖಲೆ ಅಲ್ಲಿ ಉಳಿದಿದ್ದರೆ ಮುಂದಿನ ಹೆಜ್ಜೆ.

ಆಡಳಿತ ಮಂಡಳಿ ಒಪ್ಪಿರುವುದರಿಂದ ತಿಂಗಳ ಎರಡನೇ ಭಾನುವಾರ ಬೆಳಗಿನ ಹಾಲು ಅಳೆದು ಮುಗಿದ ಮೇಲೆ ಸಂಘದ ಮೇಲಿನ ಕೋಣೆಯಲ್ಲಿ ನಾನೂ ಕಾರ್ಯದರ್ಶಿಗಳೂ, ನಿವೃತ್ತ ಸುಬೇದಾರರೊಬ್ಬರೂ ಕೂರುತ್ತೇವೆ. ಡಿಸ್ಚಾರ್ಜ್ ಪುಸ್ತಕ, ಪಿ.ಪಿ.ಓ., ಬಂದಿರುವ ಪತ್ರಗಳು, ಏನಿದೆಯೋ ಅದೆಲ್ಲ ತನ್ನಿ. ಗಂಡಸರಿಗೆ ಸಂಕೋಚವಾದರೆ ಮನೆಯ ಹೆಂಗಸರೇ ತರಲಿ. ಮೊದಲು ಜೆರಾಕ್ಸು ಮಾಡಿಸಿಕೊಂಡು ಮೂಲ ಕಾಗದವನ್ನು ನಿಮ್ಮ ಕೈಗೇ ವಾಪಸು ಕೊಡುತ್ತೇವೆ. ಜೆರಾಕ್ಸಿನ ಖರ್ಚು ಸಂಘದ್ದು. ಪೋಸ್ಟಲ್ ಆರ್ಡರಿನ 10 ರೂಪಾಯಿ ಮಾತ್ರ ನಿಮ್ಮದು.